ಕೂಸನ್ನು ಕೈಗೊಪ್ಪಿಸುವ ಗೌರಿಯ ಕಥೆ

ವಿಘ್ನೇಶ್ವರನನ್ನು ಮೊದಲು ನೆನೆದು, ಭಾದ್ರಪದ ಶುದ್ಧ ಬಿದಿಗೆಯ ಸಂಜೆ ಜೋಡಿ ದೀಪ ಹಚ್ಚಿ, ಕೈಯಲ್ಲಿ ಅಕ್ಷತೆ ಹಿಡಿದು ಕುಳಿತ ಮುತ್ತೈದೆಯರೇ, ಸೊಸೆಯರೇ, ತವರಿಗೆ ಬಂದ ಹೆಣ್ಣುಮಕ್ಕಳೇ, ಬಾಗಿಲ ಬಳಿ ನಿಂತು ಕೇಳಿಯೂ ಕೇಳದಂತಿರುವ ಗಂಡಸರೇ, ಕೈಹಿಡಿ ಗೌರಿಯ ಮಹಿಮೆಯನ್ನು ಹೇಳುತ್ತೇನೆ, ಚಿತ್ತವಿಟ್ಟು ಕೇಳಿರಿ. ಒಲೆಯ ಮೇಲೆ ಏನಾದರೂ ಇದ್ದರೆ ಈಗಲೇ ಇಳಿಸಿ ಬನ್ನಿರಿ. ನಡುವೆ ಎದ್ದು ಹೋದರೆ ಕಥೆಯೂ ಕೆಟ್ಟೀತು, ಹುಗ್ಗಿಯೂ ತಳ ಹಿಡಿದೀತು.

ಪೂರ್ವದಲ್ಲಿ ಮಣಿಮಂತವೆಂಬ ಪಟ್ಟಣದಲ್ಲಿ ವಸುಗುಪ್ತನೆಂಬ ವರ್ತಕನಿದ್ದನು. ಅವನ ಮನೆ ದೊಡ್ಡದು, ಬಳಗ ಮನೆಗಿಂತಲೂ ದೊಡ್ಡದು. ಅವನ ಮಡದಿ ಕನಕಾಂಗಿ ಆ ಮನೆಯ ಹಿರಿಯ ಸೊಸೆ. ರೂಪವತಿ, ಕೆಲಸದಲ್ಲಿ ಚುರುಕು, ಕೊಡುಗೈಯವಳು. ಬಹುಕಾಲ ಹಂಬಲಿಸಿ ಹರಕೆ ಹೊತ್ತು ಹೆತ್ತ ಒಂದೇ ಕೂಸು ಅವಳಿಗೆ. ತಾರೆಯೆಂದು ಹೆಸರು, ಮೂರರ ವಯಸ್ಸು, ಮಾತು ಇನ್ನೂ ತೊದಲು. ಇಷ್ಟೆಲ್ಲ ಇದ್ದೂ ಕನಕಾಂಗಿಯನ್ನು ಒಂದು ಅಂಜಿಕೆ ಒಳಗೊಳಗೇ ತಿನ್ನುತ್ತಿತ್ತು. ನೆಂಟರು ಏನೆಂದಾರು ಎಂಬುದೇ ಆ ಅಂಜಿಕೆ. ಹುಲಿಗೆ ಅಂಜದವರು ಉಂಟು, ನಾದಿನಿಯ ಮೂತಿಗೆ ಅಂಜದವರನ್ನು ನಾನಂತೂ ಕಂಡಿಲ್ಲ.

ಆ ಮನೆಯಲ್ಲಿ ಗೌರಿಯ ಹಬ್ಬಕ್ಕೆ ಬಳಗವೆಲ್ಲ ಕೂಡುವುದು ವಾಡಿಕೆ. ಕೊಟ್ಟ ಹೆಣ್ಣುಮಕ್ಕಳು ಬರುವರು, ಅವರ ಅತ್ತೆಯಂದಿರು ಬರುವರು, ದಾಯಾದಿಗಳು ಮಕ್ಕಳು ಮರಿಗಳೊಡನೆ ಬಂಡಿ ಕಟ್ಟಿಕೊಂಡು ಬರುವರು. ಅಂಥ ಮನೆಯಲ್ಲಿ ಕನಕಾಂಗಿಯ ಅತ್ತೆ ಭಾಗೀರಥಿಯು ತನ್ನ ಅತ್ತೆಯಿಂದ ಬಂದ ಒಂದು ವ್ರತವನ್ನು ನಡೆಸುತ್ತಿದ್ದಳು. ಹಬ್ಬದ ಹಿಂದಿನ ಸಂಜೆ, ಅಂದರೆ ಇಂದಿನಂಥದೇ ಬಿದಿಗೆಯ ಸಂಜೆ, ತನ್ನ ಮನೆಯ ದಾರಿ ತಾನೇ ಹೇಳಲು ಬಾರದ ಕೂಸುಗಳನ್ನೆಲ್ಲ ದೀಪದ ಮುಂದೆ ಕೂರಿಸಿ, ಒಂದೊಂದು ಕೂಸಿಗೂ ಒಬ್ಬೊಬ್ಬ ಹಿರಿಯರನ್ನು ಗೊತ್ತುಮಾಡಿ, ಇಬ್ಬರ ಮಣಿಕಟ್ಟಿಗೂ ಅರಿಶಿನದ ದಾರ ಕಟ್ಟುವಳು. ತಾಯಿಯಾದವಳು “ಗೌರಿ ಸಾಕ್ಷಿ, ಕೊಟ್ಟೆ” ಎನ್ನಬೇಕು. ಹಿರಿಯರು “ಗೌರಿ ಸಾಕ್ಷಿ, ಹಿಡಿದೆ” ಎನ್ನಬೇಕು. ಹಿಡಿದವರು ಮಡಿಯುಡಬೇಕಾಗಿಲ್ಲ, ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಕೂಸಿನ ಕೈ ಹಿಡಿದು ತಿರುಗಿದರೆ ಪೂಜೆಯ ಫಲ ಪೂರ್ತಿ ಅವರಿಗೆ. ಕೈ ಸೋತರೆ ಮತ್ತೊಬ್ಬರಿಗೆ ಕೊಡಬಹುದು, ಆದರೆ ಅವರು ಹಿಡಿದೆ ಎಂದು ಬಾಯಿಬಿಟ್ಟು ಹೇಳುವ ತನಕ ಬಿಡಕೂಡದು. ತಲೆಯಾಡಿಸಿದರೆ ಸಾಲದು. ಹೂಂ ಎಂದರೂ ಸಾಲದು.

ಹೀಗಿರಲಾಗಿ ಭಾಗೀರಥಿಗೆ ಮುಪ್ಪಡರಿ ಕಣ್ಣು ಮಂಜಾಗಿ, ಹಬ್ಬದ ಭಾರವೆಲ್ಲ ಕನಕಾಂಗಿಯ ಹೆಗಲಿಗೆ ಬಂತು. ಆ ವರ್ಷ ನಾದಿನಿ ಮನೋರಮೆಯು ತನ್ನ ಗಂಡನ ಮನೆಯ ಸಿರಿವಂತ ಬಳಗವನ್ನೂ ಕರೆತರುವಳೆಂದು ಸುದ್ದಿ ಬರಲು, ಕನಕಾಂಗಿಗೆ ನಿದ್ದೆ ಹಾರಿಹೋಯಿತು. ಹೋಳಿಗೆ ಹರಿದರೆ ಏನೆಂದಾರು, ಬಾಗಿನದ ಮೊರದಲ್ಲಿ ಬಳೆ ಒಡೆದಿದ್ದರೆ ಏನೆಂದಾರು, ಮಂಟಪದ ಬಾಳೆಕಂದು ವಾಲಿದರೆ ಏನೆಂದಾರು ಎಂದು ಹಾಸಿಗೆಯಲ್ಲಿ ಹೊರಳಿದಳು. ಬಿದಿಗೆಯ ಸಂಜೆ ಅತ್ತೆಯು ಅರಿಶಿನದ ದಾರ ಕೇಳಲು, ಕೆಲಸಕ್ಕೆ ಬೇಕಾದ ಹೆಂಗಸರನ್ನೆಲ್ಲ ಮಕ್ಕಳ ಹಿಂದೆ ಕಳಿಸಿದರೆ ಕಡುಬು ಕಟ್ಟುವವರಾರು, ಬಂದ ಬೀಗರಿಗೆ ಕೂಸು ಕಾಯಿರಿ ಎಂದು ಹೇಳುವುದು ಮರ್ಯಾದೆಯೇ, ಮನೆ ತುಂಬ ಜನರಿರುವಾಗ ಮಗುವನ್ನು ನೋಡುವವರಿಗೇನು ಬರ ಎಂದು ಸೊಸೆಯು ನುಡಿದಳು.

ಭಾಗೀರಥಿಯು ನಿಟ್ಟುಸಿರು ಬಿಟ್ಟು, “ತುಂಬಿದ ಮನೆಯಲ್ಲೇ ಕೂಸು ತಪ್ಪುವುದಮ್ಮಾ. ಹತ್ತು ಜನ ಸೇರಿದರೆ ಹಾವು ಸಾಯುವುದಿಲ್ಲ ಎಂದು ಸುಮ್ಮನೆ ಹೇಳಿದರೇ?” ಎಂದಳು. ಕನಕಾಂಗಿಯು ಹೂರಣ ರುಬ್ಬಲು ಹೋದಳು. ಅಂದು ಆ ಮನೆಯಲ್ಲಿ ಯಾರೂ ಕೊಟ್ಟೆ ಎನ್ನಲಿಲ್ಲ, ಯಾರೂ ಹಿಡಿದೆ ಎನ್ನಲಿಲ್ಲ.

ಮರುದಿನ ತದಿಗೆ. ಕೆರೆಯಿಂದ ಗಂಗೆಯನ್ನು ತಂದು, ಗೌರಿಯನ್ನು ಮಂಟಪದಲ್ಲಿ ಕೂರಿಸಿ, ಮನೆಯೆಲ್ಲ ಗಿಜಿಗುಟ್ಟುತ್ತಿರುವಾಗ, ಹೊಸ ಲಂಗ ಉಟ್ಟ ತಾರೆಯು ಹಸಿದು ತಾಯಿಯ ಸೆರಗು ಹಿಡಿಯಲು ಬಂದಳು. ಕನಕಾಂಗಿಯು ಮಡಿಯಲ್ಲಿದ್ದಳು. ನಾದಿನಿಯ ಅತ್ತೆ ಎದುರಿಗೇ ಕುಳಿತು ನೋಡುತ್ತಿದ್ದಳು. ಆದುದರಿಂದ ಮುಟ್ಟಬೇಡ, ದೂರ ಸರಿ, ಮನೋರಮೆ ಅತ್ತೆಯ ಹತ್ತಿರ ಹೋಗು ಎಂದು ಗದರಿದಳು. ಕೂಸು ಮನೋರಮೆಯ ಬಳಿಗೆ ಹೋಯಿತು. ಮನೋರಮೆಯು ಬೀಗಿತ್ತಿಯರಿಗೆ ಸೀರೆ ತೋರಿಸುತ್ತಿದ್ದವಳು ಚಿಕ್ಕಮ್ಮನನ್ನು ಕೇಳು ಎಂದಳು. ಚಿಕ್ಕಮ್ಮನೆಂದರೆ ಕನಕಾಂಗಿಯ ವಾರಗಿತ್ತಿ ಚಿತ್ರಾಂಗಿ. ಅವಳು ಹಬೆಯಾಡುವ ಕಡುಬಿನ ಪಾತ್ರೆಯ ಮುಂದೆ ಕುಳಿತವಳು, ಬೆಂಕಿಯ ಹತ್ತಿರ ಬರಬೇಡ, ಅಜ್ಜಿಯ ಹತ್ತಿರ ಹೋಗು ಎಂದಳು. ಅಜ್ಜಿಯು ಗೋಡೆಗೊರಗಿ ತೂಕಡಿಸುತ್ತಿದ್ದಳು. ಯಾರೂ ಕೂಸಿಗೆ ಕೆಟ್ಟ ಮಾತಾಡಲಿಲ್ಲ, ಎಲ್ಲರೂ ಕೆನ್ನೆ ಸವರಿಯೇ ಕಳಿಸಿದರು. ಬೀದಿಯ ಬಾಗಿಲು ನೆಂಟರಿಗಾಗಿ ಹಾರುಹೊಡೆದಿತ್ತು.

ಪೂಜೆಯಾಯಿತು, ಮಂಗಳಾರತಿಯಾಯಿತು, ಬಾಗಿನ ಕೊಟ್ಟದ್ದಾಯಿತು. ಹೋಳಿಗೆ ಒಂದೂ ಹರಿಯಲಿಲ್ಲ. ನಾದಿನಿಯ ಅತ್ತೆಯು ಭೇಷ್ ಎಂದು ತಲೆದೂಗಲು ಕನಕಾಂಗಿಗೆ ಸ್ವರ್ಗ ಮೂರೇ ಗೇಣು. ಮಕ್ಕಳ ಪಂಕ್ತಿಗೆ ಎಲೆ ಹಾಕಿ ತುಪ್ಪ ಬಡಿಸುತ್ತ ಬಂದವಳು ಒಂದು ಎಲೆಯ ಮುಂದೆ ನಿಂತಳು. ಎಲೆಯ ಹಿಂದೆ ಯಾರೂ ಇರಲಿಲ್ಲ.

ತಾರೆ ಎಲ್ಲಿ ಎಂದು ಕೇಳಿದಳು. ಮನೋರಮೆ ಅತ್ತೆಯ ಹತ್ತಿರ ಎಂದಿತು ಒಂದು ಮಗು. ಮನೋರಮೆಯು ಚಿತ್ರಾಂಗಿಯ ಹತ್ತಿರ ಎಂದಳು. ಚಿತ್ರಾಂಗಿಯು ಅಜ್ಜಿಯ ಹತ್ತಿರ ಎಂದಳು. ಎಚ್ಚೆತ್ತ ಅಜ್ಜಿಯು ನನ್ನ ಹತ್ತಿರ ಯಾರೂ ಬರಲಿಲ್ಲವಲ್ಲ ಎನ್ನಲು ಕನಕಾಂಗಿಯು ತುಪ್ಪದ ಪಾತ್ರೆಯನ್ನು ನೆಲಕ್ಕಿಟ್ಟಳು. ಬೀಗರಲ್ಲೊಬ್ಬನು ನಕ್ಕು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಇಲ್ಲೇ ಎಲ್ಲೋ ಇದ್ದಾಳೆ ಎಂದನು. ಅವನ ನಗೆಗೆ ಯಾರೂ ಜೊತೆಯಾಗಲಿಲ್ಲ. ಅಟ್ಟ ನೋಡಿದರು, ಕಣಜದ ಹಿಂದೆ ನೋಡಿದರು, ಕೊಟ್ಟಿಗೆಯಲ್ಲಿ ಕರುವಿನ ಮಗ್ಗುಲಲ್ಲಿ ನೋಡಿದರು. ವಸುಗುಪ್ತನು ಹಿತ್ತಲ ಬಾವಿಯ ಕಟ್ಟೆಗೆ ಎದೆಯೂರಿ ಒಳಗೆ ಬಗ್ಗಿದನು. ಬಗ್ಗಿದವನು ಬೇಗ ತಲೆಯೆತ್ತಲಿಲ್ಲ. ಕನಕಾಂಗಿಯು ಬಾವಿಯನ್ನು ನೋಡುವ ಧೈರ್ಯವಿಲ್ಲದೆ ಗಂಡನ ಬೆನ್ನನ್ನೇ ನೋಡುತ್ತ ನಿಂತಳು. ಅವನು ಎದ್ದು ಇಲ್ಲವೆಂದು ಕೈಯಾಡಿಸಲು ಅವಳು ಮಡಿಸೀರೆಯಲ್ಲೇ ಬೀದಿಗೆ ಓಡಿದಳು. ಆ ಮನೆಯ ಸೊಸೆ ಹಾಗೆ ಬೀದಿಗಿಳಿದದ್ದನ್ನು ಊರು ಎಂದೂ ಕಂಡಿರಲಿಲ್ಲ.

ಪುರೋಹಿತರ ಮನೆಯಲ್ಲಿ ಕೇಳಲು, ಹೌದಮ್ಮಾ, ಬಂದಿತ್ತು, ಹೊಸ ಲಂಗದ ಕೂಸು, ಕೈಗೆ ಎಳ್ಳು ಬೆಲ್ಲದ ಚಿಗಳಿ ಉಂಡೆ ಕೊಟ್ಟೆವು, ನಮ್ಮ ಹಿರಿಸೊಸೆಯ ತವರಿನವರ ಮಗುವೆಂದು ತಿಳಿದೆವು ಎಂದರು. ಆಮೇಲೆ ಎಲ್ಲಿಗೆ ಹೋಯಿತು? ಅದನ್ನು ನೋಡಿದವರಿಲ್ಲ. ಹೂವಾಡಿಗರ ಮನೆಯಲ್ಲಿ ಕೇಳಲು, ಬಂದಿತ್ತು, ತಲೆ ಬಾಚಿ ಸೇವಂತಿಗೆ ಮುಡಿಸಿದೆವು, ನಾದಿನಿಯ ಮಗಳಿರಬೇಕು ಎಂದುಕೊಂಡೆವು ಎಂದರು. ನೇಕಾರರ ಮನೆಯಲ್ಲಿ ತಮ್ಮ ಮಕ್ಕಳ ಸಾಲಿನಲ್ಲೇ ಕೂರಿಸಿ ಉಣಿಸಿದ್ದರು. ಊರಿನ ಮನೆಮನೆಯೂ ಹಬ್ಬದ ಜನರಿಂದ ತುಂಬಿತ್ತು; ತುಂಬಿದ ಮನೆಯಲ್ಲಿ ಒಂದು ಕೂಸು ಹೆಚ್ಚಾದರೆ ಯಾರಿಗೆ ತಿಳಿದೀತು? ಎಲ್ಲರೂ ಅಕ್ಕರೆ ತೋರಿದ್ದರು, ಎಲ್ಲರೂ ಇನ್ನಾರದೋ ಎಂದುಕೊಂಡಿದ್ದರು. ಕೇಳಿಸಿಕೊಂಡ ಪ್ರತಿ ಮನೆಯವರೂ ಮಾತು ಮುಗಿಯುವ ಮೊದಲೇ ಒಳಗೆ ತಿರುಗಿ ತಮ್ಮ ತಮ್ಮ ಮಕ್ಕಳನ್ನು ಹೆಸರು ಹಿಡಿದು ಕರೆದರು. ಆ ಹೆಸರುಗಳಿಗೆ ಒಳಗಿನಿಂದ ಓ ಎಂಬ ಉತ್ತರ ಬರುವುದನ್ನು ಕೇಳುತ್ತ ಕನಕಾಂಗಿಯು ಮುಂದಿನ ಬಾಗಿಲಿಗೆ ನಡೆದಳು.

ಹೀಗೆ ಬಾಗಿಲು ಬಾಗಿಲು ತಿರುಗಿ, ಗಂಟಲು ಕಟ್ಟಿ, ಹೊತ್ತು ಇಳಿಯುವಾಗ ಬೀದಿಯ ಕಡೆಯ ಮನೆಗೆ ಬಂದಳು. ಅಲ್ಲಿ ಕೇಳಲು, ನಾವು ಕಾಣೆವಮ್ಮಾ ಎಂದರು. ಬಂದಿತ್ತು ಎಂಬ ಮಾತನ್ನು ಕೇಳಿ ಕೇಳಿ ನಡೆದವಳಿಗೆ ಕಾಣೆವೆಂಬ ಮಾತು ಸಿಡಿಲಾಯಿತು. ಆ ಮನೆಯಾಚೆ ಕೆರೆಯೊಂದೇ ಉಳಿದಿತ್ತು.

ಕನಕಾಂಗಿಗೆ ಕೆರೆಯ ಏರಿ ಹತ್ತುವಾಗ ಗೌರಿಯ ಹೆಸರು ಬಾಯಿಗೆ ಬರಲಿಲ್ಲ, ಮಗಳ ಹೆಸರೂ ಬರಲಿಲ್ಲ. ನೆಂಟರು ಏನೆಂದಾರು ಎಂದು ಇರುಳೆಲ್ಲ ಹೊರಳಿದ್ದು ಮಾತ್ರ ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಏರಿಯ ಮೇಲಿಂದ ನೋಡಲು, ಬೆಳಿಗ್ಗೆ ಗಂಗೆ ತಂದ ಸೋಪಾನದ ಮೇಲೆ, ಹಣೆಯಗಲ ಕುಂಕುಮವಿಟ್ಟ ಒಬ್ಬ ಮುತ್ತೈದೆ ಮುದುಕಿ ಕುಳಿತಿದ್ದಳು. ಅವಳ ಮಡಿಲಲ್ಲಿ, ತಲೆಯ ಸೇವಂತಿಗೆ ಬಾಡಿ, ಬಾಯಿಗೆಲ್ಲ ಬೆಲ್ಲ ಮೆತ್ತಿಕೊಂಡು, ತಾರೆ ನಿದ್ದೆಹೋಗಿದ್ದಳು.

ಕನಕಾಂಗಿಯು ಓಡಿ ಇಳಿದು ಕೈಚಾಚಲು, ಮುದುಕಿಯು ಕೂಸಿನ ಮೇಲೆ ಅಂಗೈ ಅಡ್ಡವಿಟ್ಟಳು. ಅಷ್ಟರಲ್ಲಿ ವಸುಗುಪ್ತನೂ ಮನೋರಮೆಯೂ ಚಿತ್ರಾಂಗಿಯೂ ಬೀಗರೂ ಬೀದಿಯ ಜನರೂ ಏರಿಯ ಮೇಲೆ ಬಂದು ಕೂಡಿದರು. ಮುದುಕಿಯು ಯಾರನ್ನೂ ಲೆಕ್ಕಿಸದೆ, “ಇವಳನ್ನು ಯಾರ ಕೈಗೆ ಕೊಟ್ಟಿದ್ದೆ ಹೇಳು. ಅವರ ಕೈಗೇ ಒಪ್ಪಿಸುತ್ತೇನೆ, ಬೇರೆಯವರಿಗೆ ಕೊಡಲಾರೆ” ಎಂದಳು.

ಕೇಳಿರಿ, ಇಲ್ಲಿ ಆ ಹೆಣ್ಣಿಗೆ ಎಂಥ ಸಂಕಟ ಬಂತೆಂದು ಕೇಳಿರಿ. ನಾದಿನಿಯ ಕೈಗೆ ಎಂದರೆ ಸಾಕಿತ್ತು, ಕೂಸು ಅಲ್ಲೇ ಸಿಕ್ಕುತ್ತಿತ್ತು, ತಪ್ಪು ನಾದಿನಿಯ ತಲೆಗೆ ಹೋಗುತ್ತಿತ್ತು, ತನ್ನ ಮಾನ ಉಳಿಯುತ್ತಿತ್ತು. ನಿಜ ಹೇಳಿದರೆ ಮುದುಕಿಯು ಕೂಸನ್ನು ಕೊಡದೆಯೇ ಹೋದಾಳೇನೋ. ತಿರುಗಿ ನೋಡಿದಳು. ಮನೋರಮೆಯ ಮುಖ ಬಿಳಿಚಿತ್ತು, ಅವಳ ಹಿಂದೆ ಅವಳ ಅತ್ತೆ ನಿಂತಿದ್ದಳು. ಯಾರ ಮಾತಿಗೆ ಜೀವಮಾನವೆಲ್ಲ ಅಂಜಿದ್ದಳೋ ಅವರೆಲ್ಲರೂ ಒಟ್ಟಾಗಿ ಕಿವಿಗೊಟ್ಟು ನಿಂತಿದ್ದರು.

ಕನಕಾಂಗಿಯು ಮೆಟ್ಟಿಲ ಮೇಲೆ ಮಂಡಿಯೂರಿ, “ಯಾರ ಕೈಗೂ ಕೊಡಲಿಲ್ಲ ತಾಯೀ. ಹಸಿದು ಬಂದವಳನ್ನು ಮುಟ್ಟಬೇಡ ಎಂದು ದೂರ ಕಳಿಸಿದೆ. ಕಳೆದವಳು ನಾನೇ” ಎಂದು ಎಲ್ಲರೆದುರಿಗೆ ಹೇಳಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮುದುಕಿಯು ಅಂಗೈ ತೆಗೆದು, ನಿದ್ದೆಗೂಸನ್ನು ಎತ್ತಿ, ತಾಯಿಯ ಎದೆಗಿಟ್ಟು, ಕೊಟ್ಟೆ ಎಂದಳು. ಎಂದರೂ ತನ್ನ ಹಿಡಿತ ಬಿಡಲಿಲ್ಲ. ಹಿಡಿದೆ ಎಂಬ ಸಣ್ಣ ಮಾತಿಗಾಗಿ ಕನಕಾಂಗಿಯು ಪಟ್ಟ ಪಾಡನ್ನು ಏನೆಂದು ಹೇಳಲಿ. ಕಡೆಗೂ ಆ ಮಾತು ಹೊರಡಲು, ಮುದುಕಿಯ ಕೈ ಸಡಿಲವಾಯಿತು. ಬೆಲ್ಲದ ಬಾಯಿ ಮಡಿಸೀರೆಗೆ ಒರಸಿಕೊಂಡು ಕೂಸು ಅಮ್ಮಾ ಎಂದಿತು. ತಲೆಯೆತ್ತಿ ನೋಡಿದರೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ, ಕೂತಿದ್ದ ಜಾಗದಲ್ಲಿ ಒದ್ದೆ ಅರಿಶಿನ ಮಾತ್ರ ಇತ್ತು. ಬಂದವಳು ಸಾಕ್ಷಾತ್ ಗೌರಿಯೆಂದು ತಿಳಿದು ಎಲ್ಲರೂ ಆ ಅರಿಶಿನವನ್ನು ಹಣೆಗೆ ಹಚ್ಚಿಕೊಂಡರು.

ಕೂಸು ಸಿಕ್ಕಿತು, ಅಂಜಿಕೆ ಹೋಯಿತು ಎಂದು ತಿಳಿಯಬೇಡಿರಿ. ಮನೆಗೆ ಬರುವ ದಾರಿಯಲ್ಲಿ ಕನಕಾಂಗಿಯು ಕೂಸನ್ನು ಎದೆಗವುಚಿಕೊಂಡು ಗಂಡನ ಕೈಗೂ ಕೊಡಲಿಲ್ಲ. ಮನೆಯಲ್ಲಿ ನೋಡಿದರೆ ಗಲಾಟೆಯಲ್ಲಿ ಯಾರೂ ಎಣ್ಣೆ ಹಾಕದೆ ಮಂಟಪದ ನಂದಾದೀಪ ಆರಿಹೋಗಿತ್ತು. ಹಿರಿಸೊಸೆಯೇ ಅದನ್ನು ಹಚ್ಚಬೇಕು. ಕೂಸನ್ನು ಎತ್ತಿಕೊಂಡು ಹಚ್ಚುವುದಾಗದು. ಅವಳು ಹೊಸಿಲ ಬಳಿ ಅಲ್ಲಾಡದೆ ನಿಂತಳು. ಆಗ ಮನೋರಮೆಯು ಮುಂದೆ ಬಂದು, ಸರಿಗೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈಯನ್ನೂ ಚಾಚಿದಳು. ಕನಕಾಂಗಿಯು ಕೂಸನ್ನು ಆ ಕೈಗಳಲ್ಲಿಟ್ಟು, ಗೌರಿ ಸಾಕ್ಷಿ, ಕೊಟ್ಟೆ ಎಂದಳು. ಗೌರಿ ಸಾಕ್ಷಿ, ಹಿಡಿದೆ ಅತ್ತಿಗೆ ಎಂದಳು ಮನೋರಮೆ. ಕನಕಾಂಗಿಯು ದೀಪ ಹಚ್ಚಿ ತಿರುಗುವ ತನಕ ಅವಳು ನಿಂತಲ್ಲಿಂದ ಕದಲಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ವ್ರತ ತಪ್ಪಲಿಲ್ಲ. ತಾರೆ ಬೆಳೆದು ಒಳ್ಳೆಯ ಮನೆ ಸೇರಿ ಅಲ್ಲಿಯೂ ಈ ವ್ರತವನ್ನು ನಡೆಸಿದಳು. ಮನೋರಮೆಗೂ ಕನಕಾಂಗಿಗೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ನಂಟು ಬೆಳೆಯಿತು. ಹೋಳಿಗೆ ಕೆಲವು ವರ್ಷ ಹರಿಯಿತು, ಕಡುಬು ಕೆಲವು ವರ್ಷ ಕಮ್ಮಿ ಬಿತ್ತು. ಬರುವ ನೆಂಟರು ಮಾತ್ರ ಕಮ್ಮಿಯಾಗಲಿಲ್ಲ. ಧನಧಾನ್ಯ, ಸೌಮಂಗಲ್ಯ, ಸಂತಾನಗಳಿಂದ ಆ ವಂಶ ಬಹುಕಾಲ ಬಾಳಿತು.

ಈ ಕಥೆಯನ್ನು ಓದಿ ಹೇಳಿದವರಿಗೆ, ಕೂತು ಕೇಳಿದವರಿಗೆ, ತೂಕಡಿಸುತ್ತ ಅರ್ಧ ಕೇಳಿದವರಿಗೂ ಕನಕಾಂಗಿಗೆ ಒಲಿದಂತೆ ಗೌರಿ ಒಲಿಯಲಿ. ಅವರ ಮನೆಯ ಕೂಸುಗಳು ಯಾವ ಜಾತ್ರೆಯಲ್ಲೂ ಯಾವ ಹಬ್ಬದಲ್ಲೂ ತಪ್ಪದಿರಲಿ, ತಪ್ಪಿದರೂ ಹೊತ್ತು ಮುಳುಗುವ ಮೊದಲು ತಾಯಿಯ ಮಡಿಲು ಸೇರಲಿ. ಕಥೆ ಮುಗಿಯಿತು. ಆದರೆ ಅಕ್ಷತೆಯನ್ನು ಈಗಲೇ ಹಾಕಬೇಡಿರಿ, ಅರಿಶಿನದ ದಾರ ಇಲ್ಲಿ ಕೊಡಿರಿ. ತಾಯಂದಿರು ಒಬ್ಬೊಬ್ಬರಾಗಿ ಕೂಸನ್ನು ಮುಂದೆ ತನ್ನಿರಿ. ಹಿಡಿಯುವವರು ದೀಪ ನೋಡುತ್ತ, ನಾಳೆಯ ಕೆಲಸ ನೆನೆಯದೆ, ಎಲ್ಲರಿಗೂ ಕೇಳುವಂತೆ ಹೇಳಿರಿ.