ಚಿಗುರನ್ನೆಲ್ಲ ತಲೆಯ ಮೇಲೆ ಹೊತ್ತ ಮರುಗ

ಕಲ್ಲುಗಳು ಇನ್ನೂ ಬೆಚ್ಚಗಿದ್ದ ಕಾಲ ಅದು. ಹೊಳೆಗಳು ಎತ್ತ ಹರಿಯಬೇಕೆಂದು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಗಿಡಗಳಿಗೆ ಬೇರು ಬಂದು ಸ್ವಲ್ಪವೇ ದಿನವಾಗಿತ್ತು. ನಿಂತಲ್ಲೇ ನಿಲ್ಲುವುದು ಅವಕ್ಕಿನ್ನೂ ರೂಢಿಯಾಗಿರಲಿಲ್ಲ.

ಆಗ ಭೂಮಿತಾಯಿ ಪ್ರತಿ ಗಿಡಕ್ಕೂ ಒಂದೊಂದು ಗಂಟು ಚಿಗುರು ಕೊಟ್ಟಳು.

"ಎಲ್ಲವನ್ನೂ ಮೇಲಕ್ಕೆ ಒಯ್ಯಬೇಡಿ. ಸ್ವಲ್ಪವನ್ನು ಬುಡದಲ್ಲಿ ಬಚ್ಚಿಡಿ. ನಾಳೆ ಆಡು ಮೇಯ್ದೀತು, ಬೆಂಕಿ ಬಿದ್ದೀತು. ಆಗ ಬೇಕಾಗುತ್ತದೆ," ಎಂದಳು.

ಮಲ್ಲಿಗೆ ಬಚ್ಚಿಟ್ಟಿತು. ಕರಿಬೇವು ಬಚ್ಚಿಟ್ಟಿತು. ದಾಸವಾಳವೂ ಬಚ್ಚಿಟ್ಟಿತು. ಹಿಟ್ಟಿನ ಮಡಕೆಯ ತಳದಲ್ಲಿ ಜಾಣ ಹೆಂಗಸು ಒಂದು ಹಿಡಿ ಉಳಿಸುತ್ತಾಳಲ್ಲ, ಹಾಗೆ.

ಬಚ್ಚಿಡದೆ ಹೋದದ್ದು ಮರುಗ. ಹೂವಿನ ಮಾಲೆಯಲ್ಲಿ ಮಲ್ಲಿಗೆ, ಕನಕಾಂಬರಗಳ ನಡುವೆ ಸೇರಿಸಿ ಕಟ್ಟುವ, ಮೂಸಿದರೆ ತಲೆ ಹಗುರಾಗುವ ಆ ಸಣ್ಣೆಲೆಯ ಗಿಡ.

ಗುಡ್ಡದ ಮಗ್ಗುಲಲ್ಲಿ, ಹೊಳೆಯ ದಂಡೆಗೆ, ಅಕ್ಕ ಮರುಗ ಮತ್ತು ತಂಗಿ ಮರುಗ ಒತ್ತೊತ್ತಾಗಿ ನಿಂತಿದ್ದವು. ಗಾಳಿ ದಿನಾ ಅವುಗಳ ಮೇಲೆ ಹಾಯ್ದು ಹೋಗುತ್ತಿತ್ತು. ಹೋಗುವಾಗ ಕೆಣಕದೆ ಹೋಗುತ್ತಿರಲಿಲ್ಲ.

"ಗುಡ್ಡದ ಆಚೆ ಏನಿದೆ ಗೊತ್ತೇನು?"

"ಏನಿದೆ?" ಎನ್ನುತ್ತಿತ್ತು ಅಕ್ಕ.

"ಬಂದು ನೋಡು!" ಎಂದು ಗಾಳಿ ಓಡಿಬಿಡುತ್ತಿತ್ತು.

ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗದು, ಮಲಗಿದರೆ ನಿದ್ದೆ ಹತ್ತದು. "ಬುಡದಲ್ಲಿ ಬಚ್ಚಿಟ್ಟ ಚಿಗುರು ಏನನ್ನು ನೋಡೀತು? ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳೋಣ. ಎತ್ತರಕ್ಕೆ ಏರಿ ಗುಡ್ಡದ ಆಚೆ ಇಣುಕೋಣ," ಎಂದಿತು. ಅಕ್ಕ ಮಾಡಿದ್ದನ್ನೇ ತಂಗಿಯೂ ಮಾಡಿತು.

ಏರಿದವು, ಏರಿದವು. ಭಾರವೆಂದು ಕೆಳಗಿನ ಎಲೆಗಳನ್ನು ಉದುರಿಸಿದವು. ಕಾಲು ಬೋಳಾಯಿತು, ಕಂದಾಯಿತು, ಕಟ್ಟಿಗೆಯ ಹಾಗೆ ಗಟ್ಟಿಯಾಯಿತು. ಎತ್ತರವಾದರೂ ಆದವೇ? ಸೊಂಟದಷ್ಟು ಏರುವ ಮೊದಲೇ ವಾಲಿದವು. ತುದಿಯಲ್ಲಿ ಬಿಳಿಯ ಸಣ್ಣ ಹೂ ಬಿಟ್ಟು ಕಾಯಿಕಟ್ಟಿದ್ದೇ ತಡ, ಎಲೆಯ ಘಮ ಇಳಿದುಹೋಯಿತು.

"ಗುಡ್ಡದ ಆಚೆ ಏನಿದೆ ಗೊತ್ತೇನು?" ಎಂದಿತು ಗಾಳಿ.

"ಏನಿದೆ?" ಎಂದಿತು ಅಕ್ಕ, ನೆಲಕ್ಕೆ ತಲೆ ತಾಗಿಸಿಕೊಂಡು.

"ಬಂದು ನೋಡು!"

ಹೊಳೆಯ ದಂಡೆಯಲ್ಲಿ ಗುರವ್ವ ಎಂಬ ಮುದುಕಿ ತನ್ನ ಸೊಸೆ ಚಂದ್ರವ್ವನ ಜೊತೆ ಇದ್ದಳು. ಸೊಸೆಯ ಕಂಕುಳಲ್ಲಿ ಒಂದು ಕೂಸು. ಕೂಸಿನ ಹುಟ್ಟುಗೂದಲನ್ನು ಮೊದಲ ಸಲ ಬೋಳಿಸುವ ಜವಳದ ಶಾಸ್ತ್ರ ಮುಗಿದು ಕೆಲವು ವಾರಗಳಾಗಿದ್ದವು. ಬೋಳುತಲೆಯ ಮೇಲೆ ಹೊಸ ಕೂದಲು ದಟ್ಟವಾಗಿ, ಕಪ್ಪಾಗಿ ಬರುತ್ತಿತ್ತು. ಗುರವ್ವನಿಗೆ ಅದರದೇ ಜಂಬ.

"ನೋಡು ಚಂದ್ರಿ, ನಾ ಹೇಳಿರಲಿಲ್ಲೇನು? ಬುಡಮಟ ತೆಗದ್ರ ಒಂದಿದ್ದದ್ದು ಹತ್ತಾಗಿ ಬರ್ತದ. ಮಲ್ಲಿಗಿಗೂ ಹಾಂಗ ಮಾಡೀನಿ, ಹ್ಯಾಂಗ ಬಂದೈತಿ ನೋಡು! ಈ ಮರುಗಕ್ಕೂ ಜವಳ ಮಾಡಿಬಿಡೂಣು."

"ಅತ್ತಿ, ಇದರ ಕಾಲಾಗ ಒಂದು ಎಲಿನೂ ಇಲ್ರಿ," ಎಂದಳು ಚಂದ್ರವ್ವ.

"ಕೂಸಿನ ತಲಿಮ್ಯಾಲ ಇತ್ತೇನು?"

ಆದರೂ ಗುರವ್ವ ಕುಡುಗೋಲು ಹಿಡಿದು ಅಕ್ಕನನ್ನು ಕೇಳಿದಳು: "ಬುಡದಾಗ ಚಿಗುರು ಇಟ್ಟೀ ಇಲ್ಲೋ?"

ಇಟ್ಟಿಲ್ಲ ಎಂದರೆ ಮಲ್ಲಿಗೆ ನಗುತ್ತದೆ. ಭೂಮಿತಾಯಿಗೆ ತಿಳಿಯುತ್ತದೆ. ಅದೂ ಅಲ್ಲದೆ, ಈ ಭಾರ ಇಳಿದರೆ ಓಡಿಹೋಗಬಹುದೇನೋ ಎಂಬ ಚಡಪಡಿಕೆ ಬೇರೆ.

"ಇಟ್ಟೀನಿ, ಕೊಯ್ಯಿ," ಎಂದಿತು ಅಕ್ಕ.

ಗುರವ್ವ ಕಂದು ಕಟ್ಟಿಗೆಗೆ ಕುಡುಗೋಲು ಹಾಕಿ ಬುಡಮಟ ಕೊಯ್ದಳು. ತುದಿಗಳನ್ನು ಒಟ್ಟುಮಾಡಿ ಹೊಳೆಗೆ ಚೆಲ್ಲಿದಳು. ನೀರು ಹೊಯ್ದಳು, ಗೊಬ್ಬರ ಹಾಕಿದಳು, ಕಾದಳು.

ಕೂಸಿಗೆ ಕೂದಲು ಬಂತು. ಮಲ್ಲಿಗೆಗೆ ಮೊಗ್ಗು ಬಂತು. ಅಕ್ಕನ ಬುಡದಲ್ಲಿ ಏನೂ ಬರಲಿಲ್ಲ.

ತಂಗಿ ದಿನವೂ ಬಗ್ಗಿ ನೋಡುತ್ತಿತ್ತು. "ಅಕ್ಕಾ?" ಎನ್ನುತ್ತಿತ್ತು. ಗಾಳಿ ಬಂದು ಸುತ್ತು ಹೊಡೆದು, "ಎಲ್ಲಿ ಹೋದಳು?" ಎಂದು ಕೇಳಿತು. ಮೊದಲ ಬಾರಿಗೆ ಅದು ಯಾರನ್ನೂ ಕೆಣಕಲಿಲ್ಲ.

ಒಂದು ಮಳೆಗಾಲ ಮುಗಿದು ಬಿಸಿಲು ಹದವಾಯಿತು. ತಂಗಿಯ ತುದಿಗಳಲ್ಲಿ ಮತ್ತೆ ಮೊಗ್ಗು ಕಾಣಿಸಿತು. ಬೆಳಿಗ್ಗೆಯೇ ಗುರವ್ವನ ಕುಡುಗೋಲು ಮಸೆಯುವ ಸದ್ದು ಕೇಳಿತು.

"ಆಕಿಗೆ ನೀರು ಸಾಲಲಿಲ್ಲ, ಅದಕ್ಕ ಒಣಗಿದ್ಳು. ಈಕಿಗೆ ಎರಡು ಕೊಡ ಹೆಚ್ಚಿಗಿ ಹಾಕೂಣು," ಎನ್ನುತ್ತಿದ್ದಳು ಗುರವ್ವ.

ತಂಗಿಗೆ ನಡುಕ ಹತ್ತಿತು. ಎಲೆ ಎಲೆಯೂ ನಡುಗಿತು. "ಹೊಳೆಯೇ, ಏನು ಮಾಡಲಿ?" ಎಂದಿತು.

"ನಿಜ ಹೇಳು," ಎಂದಿತು ಹೊಳೆ.

"ಬೈಯುತ್ತಾರೆ."

"ಬೈಸಿಕೋ. ಬೈಗುಳಕ್ಕೆ ಯಾರೂ ಒಣಗುವುದಿಲ್ಲ."

ಕುಡುಗೋಲು ಕಂದು ಕಾಲಿಗೆ ತಾಗಿತು. ಆಗ ತಂಗಿ ಕೂಗಿತು:

"ಆಯೀ, ತಡಿ! ನನ್ನ ಬುಡದಾಗ ಏನೂ ಇಲ್ಲ. ಅಕ್ಕ ಸುಳ್ಳು ಹೇಳಿದ್ಳು. ಇಬ್ಬರೂ ಚಿಗುರೆಲ್ಲ ತಲಿಮ್ಯಾಲ ಹೊತ್ತೀವಿ. ಹಸಿರು ಕಾಣೋ ತನಕ ಅಷ್ಟ ನನ್ನ ಜೀವ. ಅದಕ್ಕಿಂತ ಕೆಳಗ ಕೊಯ್ದ್ರ ನಾ ಇಲ್ಲ!"

ಮಲ್ಲಿಗೆ ಕಿಸಕ್ಕನೆ ನಕ್ಕಿತು. ಗುರವ್ವ ಕುಡುಗೋಲು ಹಿಡಿದವಳು ಹಿಡಿದಂತೆಯೇ ನಿಂತಳು.

"ಹುಚ್ಚಿ! ಹಡದವ್ವ ಕಟ್ಟಿಕೊಟ್ಟ ಬುತ್ತೀನ ಒಂದ ಊಟಕ್ಕ ಉಂಡು ಮುಗಿಸಿದಂಗ ಆತು ನಿಮ್ಮ ಬಾಳು," ಎಂದು ಬೈದಳು. ಬೈದು, ಅಕ್ಕ ಇದ್ದ ಜಾಗದ ಒಣ ಕಡ್ಡಿಯನ್ನು ನೋಡಿದಳು. ಆಮೇಲೆ ಬೈಯಲಿಲ್ಲ. ಕುಡುಗೋಲನ್ನು ಸೊಸೆಯ ಕೈಗೆ ಕೊಟ್ಟು, "ನೀನ ಮಾಡವ್ವ. ನನ್ನ ಕೈ ಬ್ಯಾಡ," ಎಂದಳು.

ಚಂದ್ರವ್ವ ಕುಡುಗೋಲನ್ನು ಕೆಳಗಿಟ್ಟಳು. ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು, ಉಗುರಿನಿಂದಲೇ ಚಿವುಟತೊಡಗಿದಳು. ಬಿಚ್ಚದ ಮೊಗ್ಗಿನ ತುದಿ, ಅದರ ಕೆಳಗೆ ನಾಲ್ಕು ಬೆರಳು ಹಸಿರು, ಅಷ್ಟೇ. ಪ್ರತಿ ಕಡ್ಡಿಯಲ್ಲೂ ಒಂದಷ್ಟು ಜೋಡಿ ಎಲೆ ಉಳಿಸಿದಳು. ಕಂದು ಕಟ್ಟಿಗೆಯನ್ನು ಮುಟ್ಟಲೇ ಇಲ್ಲ.

"ನೋವಾತೇನು?"

"ಇಲ್ಲ. ಕಚಗುಳಿ," ಎಂದಿತು ತಂಗಿ, ಇನ್ನೂ ನಡುಗುತ್ತಲೇ.

ಕೆಲವು ದಿನ ಏನೂ ಆಗಲಿಲ್ಲ. ಗುರವ್ವ ದಿನಕ್ಕೆ ಹತ್ತು ಸಲ ಬಂದು ನೋಡಿದಳು. ಒಂದು ಮುಂಜಾನೆ ಚಿವುಟಿದ ಕಡೆಯಲ್ಲೆಲ್ಲ ಎರಡೆರಡು ಚಿಗುರು! ಒಂದಿದ್ದದ್ದು ಎರಡು, ಎರಡಿದ್ದದ್ದು ನಾಲ್ಕು. ವಾಲಿದ್ದ ಗಿಡ ಗುಂಡಗೆ, ಗಿಡ್ಡಗೆ, ದಟ್ಟವಾಗಿ ಎದ್ದು ಕೂತಿತು. ಮೊಗ್ಗಿಗೆ ಹೋಗಬೇಕಾದ ಘಮವೆಲ್ಲ ಎಲೆಗೇ ಬಂತು.

ಆ ಘಮಕ್ಕೆ ಗಾಳಿ ಓಡೋಡಿ ಬಂತು. "ಗುಡ್ಡದ ಆಚೆ..." ಎಂದು ಶುರುಮಾಡಿ, ತಡವರಿಸಿ ನಿಂತಿತು. ಅಷ್ಟರಲ್ಲಿ ಹೊಳೆ ಹೇಳಿತು:

"ಅವಳಿಗೆ ನಾನು ಹೇಳುತ್ತೇನೆ. ಅಂದು ಗುರವ್ವ ಚೆಲ್ಲಿದ ತುದಿಗಳನ್ನು ನಾನು ಗುಡ್ಡ ಸುತ್ತಿ ಒಯ್ದೆ. ಹಸಿರು ಕಡ್ಡಿಯಲ್ಲವೇ, ಚಿಗುರೆಲ್ಲ ಅದರಲ್ಲೇ ಇತ್ತು. ಆಚೆಯ ಒದ್ದೆ ಮರಳಿನಲ್ಲಿ ಬೇರು ಬಿಟ್ಟಿದೆ. ನಿನ್ನ ಅಕ್ಕ ಅಲ್ಲಿದ್ದಾಳೆ, ಮಗಳೇ."

ತಂಗಿ ಗುಡ್ಡದ ಕಡೆಗೆ ಎಲ್ಲ ಎಲೆಗಳನ್ನೂ ತಿರುಗಿಸಿ ನಿಂತಿತು.

ಭೂಮಿತಾಯಿಗೆ ವಿಷಯ ತಿಳಿಯದೆ ಇರಲಿಲ್ಲ. ಆದರೆ ಕೊಟ್ಟ ಚಿಗುರನ್ನು ಅವಳು ಮತ್ತೆ ಕೊಡುವುದಿಲ್ಲ. ಮರುಗದ ಮಕ್ಕಳೆಲ್ಲ ಅಂದಿನ ಹಾಗೆಯೇ ಹುಟ್ಟುತ್ತಾ ಬಂದವು, ಬುಡ ಬರಿದು, ಗಂಟು ತಲೆಯ ಮೇಲೆ.

ಈ ಕತೆ ಹೇಳುತ್ತಿರುವ ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಎಷ್ಟೋ ಮಳೆಗಾಲ ಮರುಗವನ್ನು ಬೆಳೆಸಿ, ಬರೆದಿಟ್ಟು ನೋಡಿದ್ದೇನೆ. ಗಿಡ ಇಂದಿಗೂ ಈ ಮಾತನ್ನು ಮೀರಿಲ್ಲ.

ಅದಕ್ಕೇ ಮಗೂ, ನಮ್ಮ ಅಂಗಳದ ಮರುಗಕ್ಕೆ ಕಾಲು ಕಂದು, ತಲೆ ಹಸಿರು. ಮಳೆ ಹಿಂದೆ ಸರಿದು ಮೊಗ್ಗು ಬಿಚ್ಚುವ ಮೊದಲು ನೀನು ಹಸಿರು ಉಳಿಸಿ ತುದಿ ಚಿವುಟಿದರೆ ಅದು ಎರಡಾಗಿ ಬರುತ್ತದೆ, ಕಟ್ಟಿಗೆಗೆ ಕತ್ತರಿ ಹಾಕಿದರೆ ಬರುವುದಿಲ್ಲ, ಮತ್ತು ಯಾರ ಕೈ ಹತ್ತಿರ ಬಂದರೂ, ಗಾಳಿಯೇ ಇಲ್ಲದ ದಿನದಲ್ಲೂ, ಅದರ ಎಲೆ ಒಮ್ಮೆ ನಡುಗಿದಂತೆ ಕಾಣುತ್ತದೆ.