ಬಸ್ಸು ಉಳಿಸಲು ಹೊರಟ ಕಾರುಗಳು

ಗುಡ್ಡದ ಮೇಲಿನ ಹಿರೇಬಂಡೆ ಎಂಬ ಊರಿಗೆ ಒಂದೇ ಒಂದು ಬಸ್ಸು ಬರುತ್ತಿತ್ತು. ಬೆಳಿಗ್ಗೆ ತಾಲ್ಲೂಕಿಗೆ ಇಳಿಯುತ್ತಿತ್ತು, ಮಧ್ಯಾಹ್ನ ಮೇಲೆ ಬರುತ್ತಿತ್ತು, ಸಂಜೆ ಮತ್ತೆ ಅದೇ ಕೆಲಸ. ಅದರ ಕಿಟಕಿ ಗಾಜು ಮೇಲೆತ್ತಿದರೆ ಇಳಿಯುತ್ತಿರಲಿಲ್ಲ, ಇಳಿಸಿದರೆ ಏರುತ್ತಿರಲಿಲ್ಲ. ಮಳೆಗಾಲದಲ್ಲಿ ಒಳಗೂ ಕೊಡೆ ಬಿಡಿಸಿ ಕೂರಬೇಕಿತ್ತು. ಆದರೂ ಬರುತ್ತಿತ್ತು. ಆ ಬಸ್ಸಿನಲ್ಲಿದ್ದ ಒಳ್ಳೆಯ ಗುಣ ಅದೊಂದೇ.

ಆ ಊರಲ್ಲಿ ಕೊಟ್ರಮ್ಮ ಎಂಬ ಹೆಂಗಸು ಬಟ್ಟೆ ಹೊಲಿದು ಬದುಕುತ್ತಿದ್ದಳು. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು. ಸೋಮವಾರ, ಗುರುವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಿತ್ತು. ತಪ್ಪಿದರೆ ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು. ತಪ್ಪುತ್ತಲೇ ಹೋದರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದರು, ಅದನ್ನು ಅವಳು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಬಸ್ಸು ಹತ್ತಿ, ಟಿಕೆಟ್ ಹರಿಸಿಕೊಂಡು, ಕಿಟಕಿ ಪಕ್ಕ ಕೂತರೆ ಮುಗಿಯಿತು. ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ.

ಅದೇ ಊರಲ್ಲಿ ಗುರುಶಾಂತಪ್ಪ ಎಂಬ ಬಟ್ಟೆ ಅಂಗಡಿಯವನಿದ್ದ. ಪಂಚಾಯ್ತಿ ಅಧ್ಯಕ್ಷನೂ ಅವನೇ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರು ಯಾರೂ ಬರುವುದಿಲ್ಲ. ಒಬ್ಬ ಕೆಟ್ಟವನಿದ್ದಿದ್ದರೆ ಅವನನ್ನು ಬೈದು ನಾವೆಲ್ಲ ನೆಮ್ಮದಿಯಾಗಿ ಮಲಗಬಹುದಿತ್ತು.

ಸೀರೆಯ ಗಂಟುಗಳನ್ನು ಬಸ್ಸಿನ ಟಾಪಿಗೆ ಹತ್ತಿಸಿ ಇಳಿಸಿ ಸೊಂಟ ಹಿಡಿಸಿಕೊಂಡಿದ್ದ ಗುರುಶಾಂತಪ್ಪ ಒಂದು ದಿನ ಕಾರು ತಂದ. ಅದು ಊರಿಗೆ ಬಂದ ಮೊದಲ ಕಾರು. ಬಸ್ಸು ನಿಲ್ಲುವ ಜಾಗದಲ್ಲೇ ಇದ್ದ ಆಂಜನೇಯನ ಗುಡಿ ಮುಂದೆ ಪೂಜೆ ಮಾಡಿಸಿದರು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. ಪೂಜೆ ಮುಗಿಯುವವರೆಗೆ ಬಸ್ಸು ಹಾರ್ನ್ ಕೂಡ ಮಾಡದೆ ಹಿಂದೆ ಕಾದು ನಿಂತಿತ್ತು. ಡ್ರೈವರ್ ಜಬೀವುಲ್ಲಾ ಕೆಳಗಿಳಿದು ಬಂದು, ಕೊಟ್ಟ ಬಾಳೆಹಣ್ಣು ತಿಂದು, "ಒಳ್ಳೇದಾಗ್ಲಿ ಅಣ್ಣ" ಎಂದು ಹಾರೈಸಿ ಹೋದ.

ಆ ವರ್ಷ ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿ ಗುರುಶಾಂತಪ್ಪ ಭಾಷಣ ಮಾಡಿದ. "ದೇಶ ಮುಂದುವರೀಬೇಕು ಅಂದ್ರೆ ಮನೆಮನೆ ಮುಂದೆ ಕಾರು ನಿಂತಿರಬೇಕು. ಇನ್ನೂ ಎಷ್ಟು ದಿನ ಬಸ್ಸಿನ ಬಾಗಿಲಿಗೆ ಜೋತಾಡೋದು? ಇನ್ಮೇಲೆ ಕಾರು ತಂದೋರಿಗೆಲ್ಲ ಪಂಚಾಯ್ತಿಯಿಂದ ಶಾಲು ಹೊದಿಸ್ತೀವಿ." ಜನ ಚಪ್ಪಾಳೆ ತಟ್ಟಿದರು. ಕೊಟ್ರಮ್ಮನೂ ತಟ್ಟಿದಳು.

ಶಾಲಿನ ಆಸೆಯೋ, ಬಸ್ಸಿನ ಬೇಸರವೋ, ವರ್ಷದಿಂದ ವರ್ಷಕ್ಕೆ ಕಾರುಗಳು ಹೆಚ್ಚಿದವು. ಎಲ್ಲ ಕಾರಿಗೂ ನಿಂಬೆಹಣ್ಣು, ಎಲ್ಲರ ಹೆಗಲಿಗೂ ಶಾಲು. ಸುಳ್ಳು ಯಾಕೆ ಹೇಳಲಿ, ಒಳ್ಳೆಯದೂ ಆಯಿತು. ಜೋರು ಮಳೆಯಲ್ಲಿ ಹೆರಿಗೆ ನೋವು ಬಂದ ಒಬ್ಬಳನ್ನು ಕಾರಿನಲ್ಲಿ ಸಾಗಿಸಿ ತಾಯಿ ಮಗು ಇಬ್ಬರನ್ನೂ ಉಳಿಸಿಕೊಂಡರು. ಬಸ್ಸಿನಿಂದ ಅದು ಆಗುತ್ತಿರಲಿಲ್ಲ.

ಕಾರು ಹೊಸತಿದ್ದಾಗ ಮನಸ್ಸೂ ದೊಡ್ಡದಿರುತ್ತದೆ. ಬಸ್ಸಿಗೆ ಕಾದವರನ್ನು ಕಂಡರೆ ಸಾಕು, ಕಾರು ನಿಲ್ಲುತ್ತಿತ್ತು. "ಬನ್ನಿ ಬನ್ನಿ, ಆ ಡಬ್ಬಕ್ಕೆ ಯಾಕೆ ಕಾಯ್ತೀರಿ? ನಮ್ಮ ಕಾರಿಲ್ವಾ?" ಎಂದು ಕರೆದು ಕೂರಿಸಿಕೊಂಡು ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಸ್ಸು ಬಂದು, ಯಾರೂ ಇಲ್ಲದ್ದನ್ನು ನೋಡಿ ಮುಂದೆ ಹೋಗುತ್ತಿತ್ತು. ಕೊಟ್ರಮ್ಮನನ್ನೂ ಗುರುಶಾಂತಪ್ಪ ಕರೆಯುತ್ತಿದ್ದ. "ಬೇಡಣ್ಣ, ನಂಗೆ ಬಸ್ಸೇ ರೂಢಿ" ಎಂದು ಅವಳು ಕಾಯುತ್ತಲೇ ಇರುತ್ತಿದ್ದಳು. ಎಷ್ಟೋ ದಿನ ಇಡೀ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್, ಕೊಟ್ರಮ್ಮ, ಅಷ್ಟೇ ಜನ.

"ಅಕ್ಕ, ನೀನೂ ಸ್ವಂತ ಬಸ್ಸು ಇಟ್ಕೊಂಡಂಗಾಯ್ತು ನೋಡು" ಎಂದು ಜಬೀವುಲ್ಲಾ ತಮಾಷೆ ಮಾಡುತ್ತಿದ್ದ. ಒಂದು ದಿನ ತಮಾಷೆ ಮಾಡಲಿಲ್ಲ. "ಈ ಬಸ್ಸು ನಿಲ್ಲಿಸ್ತಾರಂತೆ ಅಕ್ಕ. ಡಿಪೋದಲ್ಲಿ ಮಾತಾಡ್ತಿದ್ರು" ಎಂದ.

ಕೊಟ್ರಮ್ಮ ನೇರವಾಗಿ ಗುರುಶಾಂತಪ್ಪನ ಅಂಗಡಿಗೆ ಹೋದಳು. "ಅಣ್ಣ, ಬಸ್ಸು ನಿಂತ್ರೆ ನನ್ನ ಗತಿ ಏನು? ಗುಡ್ಡ ಹತ್ತಿ ಆಟೋನೂ ಬರಲ್ಲ."

ಗುರುಶಾಂತಪ್ಪನಿಗೆ ನಿಜವಾಗಿಯೂ ಸಿಟ್ಟು ಬಂತು. "ಅದು ಹೆಂಗೆ ನಿಲ್ಲಿಸ್ತಾರೆ ನೋಡೇಬಿಡೋಣ. ಊರಿಗೆ ಊರೇ ಹೋಗಿ ಕೇಳೋಣ, ನೀನು ಸುಮ್ನಿರವ್ವ" ಎಂದ.

ಮುಂದಿನ ಸೋಮವಾರ ಬೆಳಿಗ್ಗೆ ಊರಿಗೆ ಊರೇ ಹೊರಟಿತು. ಹೇಗೆ ಹೊರಟಿತು ಅಂತೀರಿ? ಕಾರಿನಲ್ಲಿ. ಒಂದರ ಹಿಂದೊಂದು ಕಾರು, ಎಲ್ಲಕ್ಕೂ ಮುಂದೆ ಗುರುಶಾಂತಪ್ಪನದು. ಅದಕ್ಕೆ "ನಮ್ಮೂರ ಬಸ್ಸು ಉಳಿಸಿ" ಎಂಬ ಬ್ಯಾನರು ಕಟ್ಟಿದ್ದರು. ಗುಡ್ಡದ ತಿರುವಿನಲ್ಲಿ ಬಸ್ಸು ತನ್ನ ಪಾಡಿಗೆ ನಿಧಾನವಾಗಿ ಇಳಿಯುತ್ತಿತ್ತು. ಕಾರುಗಳೆಲ್ಲ ಹಾರ್ನ್ ಬಾರಿಸಿ ಅದನ್ನು ಹಿಂದೆ ಹಾಕಿದವು. ಕಿಟಕಿ ಪಕ್ಕ ಕೊಟ್ರಮ್ಮ ಒಬ್ಬಳೇ ಕೂತಿದ್ದಳು. ಕಾರಿನವರು ಅವಳಿಗೆ ಕೈ ಬೀಸಿದರು, ಅವಳೂ ಬೀಸಿದಳು.

ಡಿಪೋ ಮ್ಯಾನೇಜರು ಇನ್ನೇನು ನಿವೃತ್ತಿಗೆ ಬಂದಿದ್ದವರು. ಮನವಿಯನ್ನು ಓದಿ ಕೆಳಗಿಟ್ಟು ಕಿಟಕಿಯಾಚೆ ನೋಡಿದರು. ಹೊರಗೆ ಹೋಗಬೇಕಾದ ಬಸ್ಸುಗಳಿಗೆ ದಾರಿ ಇಲ್ಲದ ಹಾಗೆ ಅಂಗಳದ ತುಂಬ ಕಾರು ನಿಂತಿದ್ದವು.

"ಇವೆಲ್ಲ ನಿಮ್ಮವೇನ್ರಿ?"

"ಹೌದು ಸಾರ್" ಎಂದ ಗುರುಶಾಂತಪ್ಪ, ಸ್ವಲ್ಪ ಹೆಮ್ಮೆಯಿಂದಲೇ.

"ನಿಮ್ಮಲ್ಲಿ ಬಸ್ಸಲ್ಲಿ ಬಂದೋರು ಯಾರು?"

"ಒಬ್ಬಳು ಬರ್ತಾ ಇದಾಳೆ ಸಾರ್. ಬಸ್ಸು ಸ್ವಲ್ಪ ನಿಧಾನ" ಎಂದ ಗುರುಶಾಂತಪ್ಪ.

ಮ್ಯಾನೇಜರು ನಗಲಿಲ್ಲ, ರೇಗಲೂ ಇಲ್ಲ. ಇಂಥ ಮನವಿಗಳನ್ನು ಓದಿ ಓದಿ ಅವರಿಗೆ ಸುಸ್ತಾಗಿತ್ತು. "ಮೇಲಿನವರಿಗೆ ನಾನು ಏನಂತ ಬರೀಲಿ ಸ್ವಾಮಿ? ಊರಿನ ತುಂಬ ಕಾರಿವೆ, ಬಸ್ಸೂ ಬೇಕಂತೆ, ಹತ್ತೋರು ಮಾತ್ರ ಒಬ್ಬರೇ ಅಂತ ಬರೀಲಾ? ನೀವೇ ಬಿಟ್ಟ ಬಸ್ಸನ್ನ ನಾನು ಹೆಂಗೆ ಓಡಿಸಲಿ?"

ಒಂದು ತಿಂಗಳೊಳಗೆ ಬಸ್ಸು ನಿಂತುಹೋಯಿತು.

"ಹೆದರಬೇಡ ಕಣವ್ವ, ನಾವಿಲ್ವಾ?" ಎಂದರು ಊರಿನವರು. ಮಾತಿಗೆ ಹೇಳಿದ್ದಲ್ಲ, ಮನಸ್ಸಿನಿಂದಲೇ ಹೇಳಿದ್ದು. ಸರದಿಯ ಮೇಲೆ ಕರೆದುಕೊಂಡೂ ಹೋದರು. ಕೊಟ್ರಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುದುರಿ ಕೂರುತ್ತಿದ್ದಳು. ಎ.ಸಿ.ಗೆ ಮೈ ನಡುಗಿದರೂ ಬಾಯಿ ಬಿಡುತ್ತಿರಲಿಲ್ಲ. ಡಯಾಲಿಸಿಸ್ ಮುಗಿದು ನಿತ್ರಾಣವಾಗಿದ್ದರೂ, ಕಾರಿನವರು ತಮ್ಮ ಕೆಲಸವನ್ನೆಲ್ಲ ಮುಗಿಸಿಕೊಂಡು ಬರುವವರೆಗೆ ಆಸ್ಪತ್ರೆ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಕಾರಿದ್ದ ಮನೆಗಳವರ ಸೀರೆಗೆ ಫಾಲ್ಸ್ ಹಾಕಿಕೊಟ್ಟರೆ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಕಾಲಕ್ಕೆ ಟಿಕೆಟ್ ಹರಿಸಿಕೊಂಡು ಸೀಟಿನಲ್ಲಿ ಕಾಲು ಚಾಚಿ ಕೂತಿದ್ದವಳು.

ಉಪಕಾರ ಮಾಡುವವರಿಗೂ ಬೇಸರ ಬರುತ್ತದೆ, ಏನು ಮಾಡೋಣ. ಒಬ್ಬನಿಗೆ ಅವತ್ತು ಬೇರೆ ದಾರಿಯಲ್ಲಿ ಹೋಗಬೇಕಿತ್ತು. ಒಬ್ಬನ ಮನೆಗೆ ನೆಂಟರು ಬಂದಿದ್ದರು. ಒಬ್ಬ ಕಿಟಕಿ ಗಾಜು ಏರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಾ ಹೋಗಿಬಿಟ್ಟ. ಒಂದು ಗುರುವಾರ ಕೊಟ್ರಮ್ಮ ಗುಡಿ ಮುಂದೆ ನಿಂತೇ ಇದ್ದಳು. ಕೊನೆಗೆ ಗುರುಶಾಂತಪ್ಪನ ಕಾರು ಬಂದು ನಿಂತಿತು. ತಾಲ್ಲೂಕಿನ ಸಂತೆಗೆ ಸೀರೆ ಹೊತ್ತು ಹೊರಟಿದ್ದ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು.

"ಹಿಂದಿನ ಸೀಟಲ್ಲೆಲ್ಲ ಸಾಮಾನೈತೆ ಕಣವ್ವ. ಇವತ್ತೊಂದಿನ ಸುಧಾರಿಸ್ಕೋ" ಎಂದ.

"ಆಗ್ಲಿ ಅಣ್ಣ" ಎಂದಳು ಕೊಟ್ರಮ್ಮ.

ಭಾನುವಾರ ಅವಳಿಗೆ ಉಸಿರು ಕಟ್ಟಿತು. ಸುದ್ದಿ ತಿಳಿದು ಗುರುಶಾಂತಪ್ಪನೇ ಓಡಿ ಬಂದ, ಅವನೇ ಕಾರಿನಲ್ಲಿ ಮಲಗಿಸಿಕೊಂಡು ಗುಡ್ಡ ಇಳಿಸಿದ. ಜೀವ ಉಳಿಯಿತು. ಆದರೆ ಕೊಟ್ರಮ್ಮ ಮತ್ತೆ ಹಿರೇಬಂಡೆಗೆ ಬರಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ತಂಗಿಯ ಮನೆಯಿತ್ತು, ಅಲ್ಲಿನ ನಡುಮನೆಯ ಮೂಲೆಯೊಂದರಲ್ಲಿ ಉಳಿದುಕೊಂಡಳು. ಹುಟ್ಟಿ ಬೆಳೆದ ಊರನ್ನು ಒಂದು ಬಸ್ಸು ಇಲ್ಲದ್ದಕ್ಕೆ ಬಿಟ್ಟಳು. ಅವಳ ಹೊಲಿಗೆ ಮಿಷನ್ನನ್ನು ಗುರುಶಾಂತಪ್ಪ ತನ್ನ ಕಾರಿನಲ್ಲೇ ಸಾಗಿಸಿದ. ಅವತ್ತು ಹಿಂದಿನ ಸೀಟು ಖಾಲಿಯಿತ್ತು.

ವರ್ಷಗಳು ಕಳೆದವು. ಗುರುಶಾಂತಪ್ಪನಿಗೆ ವಯಸ್ಸಾಯಿತು, ಸಕ್ಕರೆ ಕಾಯಿಲೆ ಬಂತು, ಅದು ಕಣ್ಣಿಗೆ ಇಳಿಯಿತು. ಡಾಕ್ಟರು ಸ್ಟೇರಿಂಗ್ ಮುಟ್ಟಲೇಬೇಡಿ ಎಂದರು. ತಿಂಗಳು ತಿಂಗಳು ತಾಲ್ಲೂಕಿಗೆ ಬಂದು ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳದಿದ್ದರೆ ಉಳಿದ ದೃಷ್ಟಿಯೂ ಹೋಗುತ್ತದೆ ಎಂದರು. ಕಾರು ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ಹೆಂಡತಿಗೆ ಓಡಿಸಲು ಬಾರದು. ಊರಲ್ಲಿ ಎಲ್ಲರೂ ಅವರವರ ಕಾರಿಗೆ ಡ್ರೈವರುಗಳು, ಇನ್ನೊಬ್ಬರ ಕಾರು ಓಡಿಸಿಕೊಡಲು ಯಾರಿಗೂ ಪುರುಸೊತ್ತಿಲ್ಲ.

ಹಾಗಾಗಿ ಒಂದು ಬೆಳಿಗ್ಗೆ ಅವನು ಆಂಜನೇಯನ ಗುಡಿ ಮುಂದೆ, ಕೊಟ್ರಮ್ಮ ನಿಲ್ಲುತ್ತಿದ್ದ ಜಾಗದಲ್ಲೇ ಬಂದು ನಿಂತ. ಒಂದೆರಡು ಕಾರು ಹಾಗೇ ಹೋದವು. ಆಮೇಲೆ ಒಂದು ನಿಂತಿತು. ಒಳಗಿದ್ದವನು ಅವನಿಂದಲೇ ಶಾಲು ಹೊದಿಸಿಕೊಂಡವನು.

"ಹಿಂದಿನ ಸೀಟಲ್ಲೆಲ್ಲ ಸಾಮಾನೈತೆ ಅಜ್ಜ. ಇವತ್ತೊಂದಿನ ಸುಧಾರಿಸ್ಕೋ" ಎಂದ.

ಗುರುಶಾಂತಪ್ಪನಿಗೆ ಆ ಮಾತು ಯಾರದೆಂದು ಗೊತ್ತಿತ್ತು. "ಆಗ್ಲಿ ಕಣಪ್ಪ" ಎಂದ. ಕೊಟ್ರಮ್ಮನೂ ಹೀಗೇ ಹೇಳಿದ್ದಳು. ಅದನ್ನು ಹೇಳುವುದು ಇಷ್ಟು ಕಷ್ಟವೆಂದು ಅವನಿಗೆ ಅವತ್ತು ತಿಳಿದಿರಲಿಲ್ಲ.

ಕಾರು ಹೋಯಿತು. ಗುರುಶಾಂತಪ್ಪ ಗುಡಿ ಕಟ್ಟೆಯ ಮೇಲೆ ಕೂತು, ಹಿಂದೆ ಬಸ್ಸು ಬರುತ್ತಿದ್ದ ತಿರುವಿನ ಕಡೆ ಮಂಜಾದ ಕಣ್ಣಿಟ್ಟುಕೊಂಡು ನೋಡುತ್ತಲೇ ಇದ್ದ. ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ನೀತಿ: ಕಾರು ಕೊಳ್ಳುವುದು ತಪ್ಪಲ್ಲ. ಕಾರು ಬಂತೆಂದು ಬಸ್ಸನ್ನು ಕೈಬಿಡುವುದು ತಪ್ಪು. ಬಸ್ಸು ಹೋದರೆ ಎಲ್ಲರ ಹಕ್ಕಾಗಿದ್ದ ದಾರಿ ಕೆಲವರ ದಯೆಯಾಗಿಬಿಡುತ್ತದೆ, ದಯೆಗೆ ಒಂದಲ್ಲ ಒಂದು ದಿನ ಬೇಸರ ಬರುತ್ತದೆ. ದೇಶ ಮುಂದುವರಿಯಿತೇ ಎಂದು ತಿಳಿಯಲು ಮನೆ ಮುಂದೆ ನಿಂತ ಕಾರು ನೋಡಬೇಡಿ, ಕಾರು ಓಡಿಸಲಾಗದವರು ಆಸ್ಪತ್ರೆಗೆ ಹೇಗೆ ಹೋಗುತ್ತಾರೆ ಎಂದು ಕೇಳಿ. ಬದುಕಿದ್ದರೆ ಒಂದು ದಿನ ನಾವೂ ಅವರೇ.