ಆಚೆರೊಟ್ಟಿ ದಿನ್ನೆ

ಭೀಮಾ ನದಿಯ ದಂಡೆಯ ಕಣಗಿನಾಳದಲ್ಲಿ, ಊರಿಗೂ ಹೊಳೆಗೂ ನಡುವೆ ಒಂದು ಬೋಳು ದಿನ್ನೆ ಇದೆ. ಅದರ ನೆತ್ತಿಯ ಮೇಲೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬೋರಲು ಹಾಕಿದ ಒಂದು ಹರಿಗೋಲು. ದೇವರಿಲ್ಲ, ಗುಡಿಯಿಲ್ಲ, ಆದರೂ ಅಲ್ಲಿಗೆ ಹೋದವರು ಚಪ್ಪಲಿ ಬಿಡುತ್ತಾರೆ. ಅದಕ್ಕೆ ಆಚೆರೊಟ್ಟಿ ದಿನ್ನೆ ಎಂದು ಹೆಸರು. ನಾನು ಆ ಊರಿನ ಮಗಳು. ಮದುವೆಯಾಗಿ ಹೊಳೆಯೇ ಇಲ್ಲದ ದೂರದ ಸೀಮೆಗೆ ಬಂದು ಐವತ್ತೆಂಟು ವರ್ಷವಾಯಿತು. ಅಜ್ಜಿಯಿಂದ ಕೇಳಿದ್ದನ್ನು ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಆಚೆ ದಂಡೆಯ ಏರಿನ ಹಿಂದಿದ್ದ ವಾಡೆಯಲ್ಲಿ ಒಬ್ಬ ದೇಸಾಯಿ ಆಳುತ್ತಿದ್ದನಂತೆ. ಕಣಗಿನಾಳದವರು ವರ್ಷಕ್ಕೆ ನಾಲ್ಕು ಹದಮಾಡಿದ ತೊಗಲು ವಾಡೆಗೆ ಒಪ್ಪಿಸಬೇಕು. ವಾಡೆಯವರು ಅವುಗಳಿಂದ ಹರಿಗೋಲು ಕಟ್ಟಿಸಿಟ್ಟು, ಹೊಳೆ ಏರಿದಾಗ ಊರವರನ್ನು ದಾಟಿಸಬೇಕು. ಇದು ಹಿರಿಯರು ಕೊಟ್ಟುಕೊಂಡ ಮಾತು. ಆಪತ್ತು ಬಂದರೆ ದಿನ್ನೆಯ ಮೇಲೆ ನಿಂತು ಕೊಂಬು ಊದುವುದು ರೂಢಿ. ಮೂರು ವರ್ಷ ಬರ ಬಿದ್ದಾಗ ಊದಿದರು. ವಾಡೆಯಿಂದ ಜೋಳದ ಹಿಟ್ಟು ಬಂತು, ಜನ ಉಂಡು ಹರಸಿದರು. ನಾಲ್ಕನೆಯ ವರ್ಷ ಉತ್ತರೆ ಮಳೆಗೆ ಹೊಳೆ ಒಂದೇ ಹಗಲಿನಲ್ಲಿ ಊರನ್ನು ನುಂಗಿತು. ಜನ ದಿನ್ನೆ ಹತ್ತಿ ಮತ್ತೆ ಕೊಂಬು ಊದಿದರು. ದೇಸಾಯಿ ಏರು ಹತ್ತಿ ನೋಡಲಿಲ್ಲ. "ಹೋದ ಸಲ ಏನ್ ಕಳಿಸಿದ್ವಿ?" ಎಂದಷ್ಟೇ ಕೇಳಿದ ಎನ್ನುತ್ತಾರೆ. ಹಿಟ್ಟಿನ ಬಂಡಿಗಳು ಬಂದವು. ಆಳುಗಳು ಆಚೆ ದಂಡೆಯಲ್ಲೇ ಒಲೆ ಹೂಡಿ ರೊಟ್ಟಿ ಬಡಿಯತೊಡಗಿದರು. ರೊಟ್ಟಿಯ ವಾಸನೆ ನೀರು ದಾಟಿ ಬಂತು, ಹರಿಗೋಲು ಬರಲಿಲ್ಲ.

ದಿನ್ನೆಯ ಮೇಲೆ ಅಂಬಿಗರ ನಿಂಬೆವ್ವನ ಮಗಳು ಎರಡು ದಿನದ ಬಾಣಂತಿ. ನಿಂಬೆವ್ವ ನಡುವಿಗೆ ಸೋರೆಬುರುಡೆ ಕಟ್ಟಿಕೊಂಡು ಹೊಳೆಗೆ ಬಿದ್ದು, ಈಜಿ ವಾಡೆ ಮುಟ್ಟಿದಳು. ಅಲ್ಲಿ ಹರಿಗೋಲುಗಳ ಬಿದಿರಿನ ಹಂದರಗಳಷ್ಟೇ ತೂಗುತ್ತಿದ್ದವು. ಬರಗಾಲದಲ್ಲಿ ತೊಗಲನ್ನೆಲ್ಲ ಬಿಚ್ಚಿ, ದೇಸಾಯಿಯ ತೋಟದ ಬಾವಿಗೆ ನೀರೆತ್ತುವ ಕಪಿಲೆಯ ಚೀಲ ಹೊಲಿಸಿದ್ದರು.

"ಏನಬೇ, ಹೋದ ಸಲ ಇದೇ ಹಿಟ್ಟಿಗೆ ಹಾಡಿ ಹೊಗಳಿದ್ರಿ. ಈಗ ರುಚಿ ಹತ್ತವಲ್ದೇನು?" ಎಂದ ವಾಡೆಯ ಕಾರಭಾರಿ.

"ಆಗ ನೀರಿರಲಿಲ್ರಿ ಧಣಿ, ಈಗ ನೆಲ ಇಲ್ಲ. ನಮ್ಮ ತೊಗಲು ನಿಮ್ಮ ಬಾಳಿಗಿಡಕ್ಕ ನೀರು ಎತ್ತಾಕತ್ತೈತಿ. ನನ್ನ ಮಗಳನ್ನ ಯಾತರಾಗ ತರಲಿ?"

ನಿಂಬೆವ್ವನೇ ಕಪಿಲೆಗಳನ್ನು ಸೀಳಿ, ಹಂದರಕ್ಕೆ ಹೊಲಿದು, ಮರುದಿನ ಮಧ್ಯಾಹ್ನ ಹರಿಗೋಲು ನೀರಿಗಿಳಿಸಿದಳು. ಅಷ್ಟರಲ್ಲಿ ದಿನ್ನೆಯ ಅರ್ಧ ಕುಸಿದಿತ್ತು. ಉಳಿದವರನ್ನೆಲ್ಲ ದಾಟಿಸಿದಳು, ಅವರಲ್ಲಿ ಅವಳ ಮಗಳಿರಲಿಲ್ಲ, ಕೂಸಿರಲಿಲ್ಲ. ದಾಟಿ ಬಂದವರು ಯಾರೂ ಆ ರೊಟ್ಟಿ ಮುಟ್ಟಲಿಲ್ಲವಂತೆ.

ಅಂದಿನಿಂದ ವಾಡೆಗೆ ತೊಗಲು ಹೋಗಲಿಲ್ಲ. ಮೃಗಶಿರಾ ಮಳೆ ಕೂಡುವ ಮುಂಚೆ ಊರವರೇ ದಿನ್ನೆಯ ಹರಿಗೋಲಿಗೆ ಹೊಸ ತೊಗಲು ಹೊದಿಸುತ್ತಾರೆ. ನೆರವು ಹೊತ್ತು ಯಾರೇ ಬರಲಿ, ಗಂಟು ಬಿಚ್ಚುವ ಮೊದಲು ದಿನ್ನೆ ಹತ್ತಿ ಸುತ್ತ ನೋಡಬೇಕು ಎಂಬ ಕಟ್ಟಳೆ ಇಂದಿಗೂ ಇದೆ. ಹತ್ತಿದವರಿಗೆ ಆಚೆ ದಂಡೆಯಲ್ಲಿ ಹೊಗೆ ಹಿಡಿದ ಮೂರು ಒಲೆಗಲ್ಲು ಕಾಣುತ್ತವೆ, ಕೈಚಾಚಿದರೆ ಸಿಗುವಷ್ಟು ಹತ್ತಿರ.